ಟ್ಯೂನ್ ಆಗಿರೋ ಟರ್ಬೊ ಗಾಡಿಗೆ ಎಂಜಿನ್ ಆಯಿಲ್: 5ಡಬ್ಲ್ಯು-30 ಸಾಕಾ, 40ಕ್ಕೆ ಹೋಗ್ಬೇಕಾ?

ಬೂಸ್ಟ್‌ಪ್ರೇಮಿ:
ಗಾಡಿ ಗಾಲ್ಫ್ ಜಿಟಿಐ ಮಾರ್ಕ್ 7, ಇಎ888 ಮೂರನೇ ಜನರೇಷನ್ 2.0 ಲೀಟರ್ ಎಂಜಿನ್. ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಾಯಿಸಿ ಪವರ್ ಏರಿಸೋದು) ಬಿಟ್ರೆ ಬೇರೆ ಏನೂ ಮುಟ್ಟಿಲ್ಲ, ಪಾರ್ಟಿಕ್ಯುಲೇಟ್ ಫಿಲ್ಟರ್ (ಎಕ್ಸಾಸ್ಟ್‌ನ ಮಸಿ ಹಿಡಿಯೋ ಫಿಲ್ಟರ್) ಇಲ್ಲದ ಮಾಡೆಲ್ಲು. ದಿನಾ ಕೆಲಸಕ್ಕೆ ಹೋಗೋದೂ ಇದ್ರಲ್ಲೇ, ಆಗಾಗ ಟ್ರ್ಯಾಕ್ ಡೇಗೆ ಒಯ್ಯೋದೂ ಇದನ್ನೇ. ಮ್ಯಾನ್ಯುಯಲ್‌ನಲ್ಲಿ ಆಯಿಲ್‌ಗೆ ವಿಡಬ್ಲ್ಯು 504 00 ಅಥವಾ 502 00 (ಫೋಕ್ಸ್‌ವ್ಯಾಗನ್ ಒಪ್ಪಿಗೆಯ ನಂಬರ್‌ಗಳು) ಅಂತ ಇದೆ, ಈಗ ಒಳಗಿರೋದು 504ರ 5ಡಬ್ಲ್ಯು-30. ಟ್ರ್ಯಾಕ್‌ನಲ್ಲಿ ನಾಲ್ಕೈದು ಲ್ಯಾಪ್ ಜೋರಾಗಿ ಹೊಡೆದ್ರೆ ಆಯಿಲ್ ಟೆಂಪರೇಚರ್ 125 ದಾಟತ್ತೆ, ಅಲ್ಲಿಗೆ ನಂಗೆ ಜೀವ ಬಾಯಿಗೆ ಬರತ್ತೆ. ಟ್ಯೂನರ್ 5ಡಬ್ಲ್ಯು-40 ಹಾಕು ಅಂತಾರೆ, ಸರ್ವೀಸ್‌ನವರು 30 ಬಿಟ್ಟು ಕದಲ್ಬೇಡಿ ಅಂತಾರೆ, ಫ್ರೆಂಡ್ ಒಬ್ಬ ಒಂದು ಬ್ರ್ಯಾಂಡ್ ಹೆಸ್ರು ಹೇಳಿ ಕಣ್ಮುಚ್ಚಿ ಹಾಕು ಅಂತಾನೆ. ಕಾರಣ ಮಾತ್ರ ಯಾರೂ ಹೇಳ್ತಿಲ್ಲ. ನೀವೇನ್ ಹಾಕ್ತೀರಿ, ಯಾಕೆ ಹಾಕ್ತೀರಿ?

ಟ್ರ್ಯಾಕ್‌ಹುಚ್ಚ:
ಗುರು ಜಾಸ್ತಿ ತಲೆ ಕೆಡಿಸ್ಕೋಬೇಡ, 10ಡಬ್ಲ್ಯು-60 ಹಾಕು. ಬಿಎಂಡಬ್ಲ್ಯು ಎಂ ಗಾಡಿಗಳಿಗೆ ಕಂಪನಿಯವರೇ ಹಾಕ್ತಿದ್ರು. ಶಾಖ ಜಾಸ್ತಿ ಅಂದ್ರೆ ಆಯಿಲ್ ದಪ್ಪ ಇರ್ಬೇಕು ಅಷ್ಟೇ, ಗೇಜಲ್ಲಿ ಪ್ರೆಷರ್ ನೋಡು ಆಮೇಲೆ ಗೊತ್ತಾಗತ್ತೆ.

ಗ್ರೀಸ್‌ಕೈ:
ಟ್ರ್ಯಾಕ್‌ಹುಚ್ಚ ಅವ್ರೇ, ಆ ಬಿಎಂಡಬ್ಲ್ಯು ಎಂಜಿನ್‌ಗಳು ಯಾವ್ದು ಅಂತ ಒಂದ್ಸಲ ನೋಡಿ. ಎಸ್54, ಎಸ್65 ತರದ್ದು, 8000 ಆರ್‌ಪಿಎಂ ತನಕ ಕಿರುಚೋ ಎಂಜಿನ್‌ಗಳು, ಒಂದ್ರಲ್ಲೂ ಟರ್ಬೊ ಇಲ್ಲ. ಅಲ್ಲಿ 60 ಹಾಕಿದ್ದು ಆ ಎಂಜಿನ್‌ನ ಲೆಕ್ಕಕ್ಕೆ, ಅದನ್ನ ತಂದು ಇಎ888ಗೆ ಸುರಿದ್ರೆ ಅದೇ ಲಾಭ ಸಿಗತ್ತೆ ಅಂತೇನಿಲ್ಲ.

ಇನ್ನು ಪ್ರೆಷರ್ ವಿಷ್ಯ. ಗೇಜಲ್ಲಿ ಪ್ರೆಷರ್ ಏರ್ತು ಅಂದ್ರೆ ಆಯಿಲ್ ಹರಿಯೋಕೆ ಅಡ್ಡಿ ಜಾಸ್ತಿ ಆಯ್ತು ಅಂತ, ಬೇರಿಂಗಿಗೆ ಆಯಿಲ್ ಜಾಸ್ತಿ ಹೋಯ್ತು ಅಂತ ಅಲ್ಲ. ಒಂದು ಮಟ್ಟ ದಾಟಿದ್ರೆ ರಿಲೀಫ್ ವಾಲ್ವ್ ತೆರ್ಕೊಂಡು ಮಿಕ್ಕ ಆಯಿಲ್ ವಾಪಸ್ ಹೋಗತ್ತೆ, ಇವರ ಎಂಜಿನ್‌ನಲ್ಲಂತೂ ಪಂಪೇ ಎರಡು ಹಂತದ್ದು, ಪ್ರೆಷರ್ ಎಷ್ಟಿರ್ಬೇಕು ಅಂತ ಇಸಿಯು, ಅಂದ್ರೆ ಎಂಜಿನ್ ಕಂಪ್ಯೂಟರ್, ತೀರ್ಮಾನ ಮಾಡತ್ತೆ. ಬೇರಿಂಗ್ ತಣ್ಣಗಿರೋದು ಅದ್ರ ಮೂಲಕ ಹರಿಯೋ ಆಯಿಲ್‌ನಿಂದ. ಪಿಸ್ಟನ್ ಕೆಳಗಿಂದ ಆಯಿಲ್ ಚಿಮ್ಮಿಸಿ ತಣ್ಣಗೆ ಮಾಡೋ ಜೆಟ್‌ಗಳೂ ಇದೇ ಆಯಿಲ್ ನಂಬ್ಕೊಂಡಿರೋದು. ಬೇಕಾದ್ದಕ್ಕಿಂತ ದಪ್ಪ ಆದ್ರೆ ಆ ಹರಿವು ಕಮ್ಮಿ ಆಗತ್ತೆ, ಉಜ್ಜಾಟದಿಂದ ಆಯಿಲ್ ತಾನೇ ಇನ್ನೊಂದಿಷ್ಟು ಬಿಸಿ ಆಗತ್ತೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟರ್ಬೊಗೆ ತಲುಪೋದೂ ತಡ.

ಟ್ರ್ಯಾಕ್‌ಹುಚ್ಚ:
ಸರಿ ಬಿಡಿ ಸರ್ 60 ಬೇಡ. ಆದ್ರೆ 125 ಡಿಗ್ರಿಯಲ್ಲಿ 30 ನೀರಾಗಿರತ್ತೆ ಅನ್ನೋದನ್ನ ಒಪ್ಕೋತೀರಾ ಇಲ್ವಾ?

ಲ್ಯಾಬ್‌ಕೋಟು:
ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ಬೇಕು, ಉದ್ದ ಆಗತ್ತೆ, ಸಹಿಸ್ಕೊಳ್ಳಿ.

ಡಬ್ಬಿ ಮೇಲಿನ 30, 40 ಅನ್ನೋದು ಎಸ್‌ಎಇ ಜೆ300 ಅನ್ನೋ ಪಟ್ಟಿಯಿಂದ ಬಂದಿದ್ದು. 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಇದೆ ಅಂತ ಅಳೆದು, 9.3ರಿಂದ 12.5 ಸೆಂಟಿಸ್ಟೋಕ್ (ದಪ್ಪದ ಅಳತೆ) ಒಳಗಿದ್ರೆ 30 ಅಂತಾರೆ, 12.5ರಿಂದ 16.3ರ ಒಳಗೆ ಬಂದ್ರೆ 40. ಅಂದ್ರೆ 12.4 ಇರೋ ಆಯಿಲ್ 30, 12.6 ಇರೋದು 40, ನಡುವೆ ಕೂದಲೆಳೆ ವ್ಯತ್ಯಾಸ. ಅದೇ 9.5 ಇರೋದಕ್ಕೂ ಡಬ್ಬಿ ಮೇಲೆ 30 ಅಂತಲೇ ಬರೆದಿರ್ತಾರೆ. ಮುಂದಿರೋ 5ಡಬ್ಲ್ಯು ಚಳಿಯಲ್ಲಿ ಹೇಗೆ ಹರಿಯತ್ತೆ ಅನ್ನೋದಕ್ಕೆ, ಮೈನಸ್ 30ರಲ್ಲಿ ಮಾಡೋ ಕ್ರ್ಯಾಂಕಿಂಗ್ ಟೆಸ್ಟ್ ಅದು. ಟ್ರ್ಯಾಕ್ ಶಾಖಕ್ಕೂ ಅದಕ್ಕೂ ಸಂಬಂಧ ಇಲ್ಲ.

ಎಂಜಿನ್ ಒಳಗಿನ ಪರಿಸ್ಥಿತಿಗೆ ಹತ್ರದ ಅಳತೆ ಅಂದ್ರೆ ಎಚ್‌ಟಿಎಚ್‌ಎಸ್. 150 ಡಿಗ್ರಿಯಲ್ಲಿ, ಸೆಕೆಂಡಿಗೆ ಹತ್ತು ಲಕ್ಷ ಅನ್ನೋ ಷಿಯರ್ ರೇಟ್‌ನಲ್ಲಿ, ಅಂದ್ರೆ ಬೇರಿಂಗ್ ಸಂದಿಯಲ್ಲಿ ಆಯಿಲ್ ಅರೆದು ಹೋಗೋ ಹೊತ್ತಲ್ಲಿ ಎಷ್ಟು ದಪ್ಪ ಉಳ್ಕೊಂಡಿರತ್ತೆ ಅಂತ. ಜೆ300 ಪ್ರಕಾರ 30ಕ್ಕೆ ಇದು ಕನಿಷ್ಠ 2.9 ಇದ್ರೆ ಸಾಕು, 5ಡಬ್ಲ್ಯು-40ಕ್ಕೆ ಕನಿಷ್ಠ 3.5 ಬೇಕು. ಈಗ ಮಜಾ ನೋಡಿ. ವಿಡಬ್ಲ್ಯು 504 00 ಅಪ್ರೂವಲ್ ಬೇಕು ಅಂದ್ರೆ 30 ಗ್ರೇಡ್ ಆದ್ರೂ ಎಚ್‌ಟಿಎಚ್‌ಎಸ್ 3.5 ಇರ್ಲೇಬೇಕು. ಅಂದ್ರೆ ಬೂಸ್ಟ್‌ಪ್ರೇಮಿ ಗಾಡಿಲಿರೋ 30, ಪೆಟ್ರೋಲ್ ಉಳಿಸೋಕೆ ಅಂತ ಮಾಡಿದ ಮಾಮೂಲಿ ಐಎಲ್‌ಸ್ಯಾಕ್ (ಅಮೆರಿಕ, ಜಪಾನ್ ಗಾಡಿ ಕಂಪನಿಗಳ ಸ್ಟ್ಯಾಂಡರ್ಡ್) 5ಡಬ್ಲ್ಯು-30 ಅಲ್ವೇ ಅಲ್ಲ. ಅಲ್ಲಿ 3.0, 3.1 ತರ ಇರತ್ತೆ. ಎರಡೂ ಡಬ್ಬಿ ಮೇಲೆ ದೊಡ್ಡಕ್ಷರದಲ್ಲಿ ಒಂದೇ ನಂಬರು, ಒಳಗಿರೋ ಸರಕು ಬೇರೆ. ನಂಬರ್ ನೋಡಿ ತಗೊಳ್ಳೋರು ಎಡವೋದು ಇಲ್ಲೇ.

ಇನ್ನು 125 ಡಿಗ್ರಿಗೆ ನೀರಾಗತ್ತಾ ಅನ್ನೋ ಪ್ರಶ್ನೆ. ಮಾಮೂಲಿ 5ಡಬ್ಲ್ಯು-40 ಒಂದು 100 ಡಿಗ್ರಿಯಲ್ಲಿ 14 ಇದ್ರೆ, 130ಕ್ಕೆ ಹೋದಾಗ ಹೆಚ್ಚೂಕಮ್ಮಿ 8ಕ್ಕೆ ಇಳಿಯತ್ತೆ. 504ರ 30 ಒಂದು 100ರಲ್ಲಿ 12 ಇದ್ರೆ 130ಕ್ಕೆ 7ರ ಹತ್ರ ಬರತ್ತೆ. ಇದನ್ನೇ ತಿರುಗಿಸಿ ಲೆಕ್ಕ ಹಾಕಿದ್ರೆ 40 ಆಯಿಲ್ 108ರಲ್ಲಿ ಎಷ್ಟು ತೆಳ್ಳಗಿರತ್ತೋ ಈ 30 ಆಯಿಲ್ 100ರಲ್ಲೇ ಅಷ್ಟು ತೆಳ್ಳಗಿರತ್ತೆ. ಒಟ್ನಲ್ಲಿ 30ರಿಂದ 40ಕ್ಕೆ ಹೋದ್ರೆ ಸಿಗೋದು 8, ಹೆಚ್ಚಂದ್ರೆ 10 ಡಿಗ್ರಿ ಶಾಖದಷ್ಟು ಅವಕಾಶ. ಒಂದು ಲ್ಯಾಪ್ ನಿಧಾನ ಓಡಿಸಿದ್ರೆ ಆಯಿಲ್ ಅದಕ್ಕಿಂತ ಜಾಸ್ತಿ ಇಳಿದಿರತ್ತೆ.

ಬೂಸ್ಟ್‌ಪ್ರೇಮಿ:
ಅಯ್ಯೋ ಇಷ್ಟೇನಾ ವ್ಯತ್ಯಾಸ! ಹಾಗಾದ್ರೆ 40ಕ್ಕೆ ಹೋಗೋದು ದಂಡ ಅಂತೀರಾ?

ಲ್ಯಾಬ್‌ಕೋಟು:
ದಂಡ ಅಂತ ಹೇಳಲ್ಲ. ನಿಮ್ದು ಡೈರೆಕ್ಟ್ ಇಂಜೆಕ್ಷನ್, ಅದ್ರ ಮೇಲೆ ಟ್ಯೂನ್ ಬೇರೆ ಆಗಿದೆ, ಪೆಟ್ರೋಲ್ ಸ್ವಲ್ಪ ಸ್ವಲ್ಪ ಸಿಲಿಂಡರ್ ಗೋಡೆ ಮೇಲಿಂದ ಇಳಿದು ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಸೇರ್ಕೊಳತ್ತೆ. ಜೊತೆಗೆ ಮಲ್ಟಿಗ್ರೇಡ್ (5ಡಬ್ಲ್ಯು-40 ತರ ಎರಡು ನಂಬರಿನ) ಆಯಿಲ್‌ನಲ್ಲಿ ಶಾಖಕ್ಕೂ ದಪ್ಪ ಉಳಿಸೋ ಪಾಲಿಮರ್‌ಗಳು ಅರೆದು ಅರೆದು ತುಂಡಾಗ್ತವೆ. ಎರಡೂ ಸೇರಿ ಆಯಿಲ್ ದಿನ ಕಳೆದ ಹಾಗೆ ತೆಳ್ಳಗಾಗತ್ತೆ. ನನ್ ಟರ್ಬೊ ಗಾಡಿದು ಬಳಸಿದ ಆಯಿಲ್ ಲ್ಯಾಬ್‌ಗೆ ಕಳಿಸಿದಾಗ 14ರ ಆಸುಪಾಸು ಇದ್ದದ್ದು 12ಕ್ಕೆ ಬಂದಿತ್ತು. ಹಾಕಿದ್ದು 40, ಇಳಿಸಿದ್ದು 30. ಅದೇ ಗಾಡಿಗೆ 2.9ರ ತೆಳ್ಳಗಿನ 30 ಹಾಕಿದ್ರೆ ಕೊನೆಗೆ ಎಲ್ಲಿಗೆ ಬರ್ತಿತ್ತು ಅಂತ ಯೋಚನೆ ಮಾಡಿ. ಹಾಗಾಗಿ ಟ್ಯೂನ್ ಮಾಡಿದ ಗಾಡಿಗೆ 40 ಅನ್ನೋದು ಶಾಖಕ್ಕಿಂತ ಹೆಚ್ಚಾಗಿ ಈ ಸವಕಳಿಗೆ ಇಟ್ಕೊಂಡ ಮೀಸಲು ಅಂತ ನಾನು ನೋಡ್ತೀನಿ.

ಹುಬ್ಬಳ್ಳಿಹೈದ:
ಲ್ಯಾಬ್‌ಕೋಟು ಸರ ಭಾಳ ಛಲೋ ಹೇಳಿದ್ರಿ. ನಂದೊಂದ್ ಸಂದೇಹ ಐತ್ರಿ. ಡಬ್ಬಿ ಮ್ಯಾಲ ಫುಲ್ ಸಿಂಥೆಟಿಕ್ ಅಂತ ಬರದಿದ್ರ ಎಲ್ಲಾ ಒಂದೇ ಏನ್ರಿ? ನಮ್ಮ ಗಾಡಿಗೆ ಹಾಕಾವ್ರು ಪಿಎಒ (ಕಾರ್ಖಾನ್ಯಾಗ ರಾಸಾಯನಿಕವಾಗಿ ಮಾಡಿದ ಎಣ್ಣಿ) ಇದ್ರಷ್ಟೇ ಖರೇ ಸಿಂಥೆಟಿಕ್ ಅಂತಾರ, ಉಳಿದದ್ದೆಲ್ಲಾ ಬರೇ ಹೆಸರಿಗೆ ಅಂತಾರ.

ಗ್ರೀಸ್‌ಕೈ:
ಅದು ಹಳೇ ಜಗಳ ಸರ್. ಆಡಿಟಿವ್ ಬೆರೆಸೋಕೆ ಮುಂಚಿನ ಮೂಲ ಎಣ್ಣೆ, ಅಂದ್ರೆ ಬೇಸ್ ಆಯಿಲ್‌ಗಳನ್ನ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಐದು ಗುಂಪು ಮಾಡಿದೆ. ನಾಲ್ಕನೇದು ಪಿಎಒ, ಐದರಲ್ಲಿ ಎಸ್ಟರ್ ಮತ್ತೆ ಉಳಿದೆಲ್ಲ ಬರತ್ತೆ, ಮೂರನೇದು ಕಚ್ಚಾ ತೈಲವನ್ನೇ ಹೈಡ್ರೋಜನ್ ಒತ್ತಡದಲ್ಲಿ ಚೆನ್ನಾಗಿ ಒಡೆದು ಶುದ್ಧ ಮಾಡಿದ್ದು. ಈ ಮೂರನೇ ಗುಂಪನ್ನ ಸಿಂಥೆಟಿಕ್ ಅಂತ ಕರೀಬಹುದಾ ಅಂತ ಅಮೆರಿಕದಲ್ಲಿ ಮೊಬಿಲ್‌ನವರು ಕ್ಯಾಸ್ಟ್ರಾಲ್ ಮೇಲೆ ಜಾಹೀರಾತು ದೂರು ಕೊಟ್ಟಿದ್ರು, 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಕಡೆ ಬಂತು. ಆವಾಗಿಂದ ಹೆಚ್ಚಿನ ಕಡೆ ಮೂರನೇ ಗುಂಪಿಗೂ ಸಿಂಥೆಟಿಕ್ ಅಂತ ಬರೀತಾರೆ. ಜರ್ಮನಿಲಿ ಮಾತ್ರ ಇವತ್ತಿಗೂ ಎಚ್‌ಸಿ ಸಿಂಥೆಸಿಸ್ ಅಂತ ಬೇರೆ ಹೆಸ್ರಲ್ಲಿ ಮಾರ್ತಾರೆ. ಶೆಲ್ ಅವ್ರು ನ್ಯಾಚುರಲ್ ಗ್ಯಾಸ್‌ನಿಂದಲೇ ಬೇಸ್ ಆಯಿಲ್ ಮಾಡ್ತಾರೆ, ಅದೂ ಮೂರನೇ ಗುಂಪಿಗೇ ಸೇರತ್ತೆ, ಆದ್ರೆ ಕ್ವಾಲಿಟಿ ಬಗ್ಗೆ ಬೆರಳು ತೋರಿಸೋ ಹಾಗಿಲ್ಲ.

ನನ್ ಪ್ರಕಾರ ಬೇಸ್ ಆಯಿಲ್ ಜಾತಕ ಕೇಳೋದಕ್ಕಿಂತ ಅಪ್ರೂವಲ್ ಕೇಳಿ. ಅಪ್ರೂವಲ್ ಸಿಕ್ಕಿದೆ ಅಂದ್ರೆ ಸಿದ್ಧವಾದ ಆಯಿಲ್‌ನೇ ಎಂಜಿನ್‌ಗೆ ಹಾಕಿ ಗಂಟೆಗಟ್ಲೆ ಓಡಿಸಿ ನೋಡಿರ್ತಾರೆ. ಒಂದೇ ಎಚ್ಚರ, ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ ಏನ್ ಬರ್ದಿದಾರೆ ಓದಿ. ಅಪ್ರೂವಲ್ ಅಂದ್ರೆ ಗಾಡಿ ಕಂಪನಿ ಒಪ್ಪಿಗೆ ಕೊಟ್ಟಿದೆ. ಇಂಥಾ ಸ್ಪೆಕ್‌ಗೆ ಸೂಕ್ತ, ಇಂಥದಕ್ಕೆ ಶಿಫಾರಸು ಅಂತ ಬರ್ದಿದ್ರೆ ಅದು ಆಯಿಲ್ ಕಂಪನಿಯವರ ಸ್ವಂತ ಮಾತು. ಸುಳ್ಳು ಅಂತ ನಾನ್ ಹೇಳಲ್ಲ, ಆದ್ರೆ ಎರಡೂ ಒಂದೇ ಅಲ್ಲ.

ಮಂಗ್ಳೂರುಮೇಡಂ:
ಸ್ಪೆಕ್, ಗ್ರೇಡ್ ಎಲ್ಲ ಸರಿ ಮಾರಾಯ್ರೆ, ಟರ್ಬೊ ಬಗ್ಗೆ ಯಾರೂ ಮಾತಾಡುದೇ ಇಲ್ವಲ್ಲ. ಟರ್ಬೊದ ಶಾಫ್ಟ್ ಒಂದೂವರೆ, ಎರಡು ಲಕ್ಷ ಆರ್‌ಪಿಎಂಗೆ ತಿರುಗ್ತದೆ. ಬಾಲ್ ಬೇರಿಂಗ್ ಇಲ್ಲದ ಟರ್ಬೊ ಆದ್ರೆ ಅದು ನಿಂತದ್ದೇ ಆಯಿಲ್ ಪದರದ ಮೇಲೆ, ತೇಲಿಕೊಂಡು. ಒಂದು ಬದಿಯಲ್ಲಿ ಟರ್ಬೈನ್, ಅಲ್ಲಿ ಪೆಟ್ರೋಲ್ ಎಂಜಿನ್‌ನ ಎಕ್ಸಾಸ್ಟ್ ಗ್ಯಾಸ್ 950 ಡಿಗ್ರಿಯ ಮೇಲೂ ಹೋಗ್ತದೆ. ಗಾಡಿ ಓಡುವಾಗ ಆಯಿಲ್ ಹರಿತಾ ಇರ್ತದೆ, ಶಾಖ ಹೊತ್ತುಕೊಂಡು ಹೋಗ್ತದೆ, ತೊಂದರೆ ಇಲ್ಲ. ಜೋರಾಗಿ ಓಡಿಸಿ ಬಂದು ಪಕ್ಕನೆ ಇಗ್ನಿಷನ್ ಆಫ್ ಮಾಡಿದ್ರೆ ಪಂಪ್ ನಿಲ್ತದೆ, ಟರ್ಬೈನ್ ಕಡೆಯ ಶಾಖ ಎಲ್ಲ ಬೇರಿಂಗ್ ಕಡೆಗೆ ನುಗ್ತದೆ, ಅಲ್ಲಿ ಉಳಿದ ಎರಡು ಹನಿ ಆಯಿಲ್ ಅಲ್ಲೇ ಸೀದು ಕರಿ ಹಿಡಿತದೆ, ದೋಸೆ ಕಾವಲಿಯಲ್ಲಿ ಎಣ್ಣೆ ಸುಟ್ಟು ಅಂಟಿಕೊಂಡ ಹಾಗೆ. ಅದೇ ಕರಿ ಮತ್ತೆ ಆಯಿಲ್ ಫೀಡ್ ಪೈಪಿನಲ್ಲಿ ಕೂತ್ರೆ ಟರ್ಬೊಗೆ ಆಯಿಲೇ ಬರುದಿಲ್ಲ.

ನನ್ನ ಹಳೆಯ ಗಾಡಿಯಲ್ಲಿ ಫೀಡ್ ಪೈಪ್ ಬಿಚ್ಚಿದಾಗ ಒಳಗೆ ಇದ್ದಿಲಿನ ಪುಡಿ ಹಾಗೆ ಕೈಗೆ ಬಂತು. ಆ ಪೈಪ್ ಜೋಡಿಸುವ ಬ್ಯಾಂಜೊ ಬೋಲ್ಟಿನ ತೂತು ಅರ್ಧಕ್ಕರ್ಧ ಮುಚ್ಚಿತ್ತು. ನನಗಿಂತ ಮೊದಲಿನ ಓನರ್ ಎಂಥ ಆಯಿಲ್ ಹಾಕಿದ್ರೋ, ಎಷ್ಟು ಸಾವಿರ ಕಿಲೋಮೀಟರ್ ಎಳೆದ್ರೋ ದೇವರಿಗೇ ಗೊತ್ತು. ಟರ್ಬೊ ಬದಲಿಸುವಾಗ ಫೀಡ್ ಪೈಪ್ ಹಳೆಯದನ್ನೇ ಹಾಕಿದ್ರೆ ಹೊಸ ಟರ್ಬೊ ಕೂಡ ಅದೇ ದಾರಿ ಹಿಡಿತದೆ, ಇದೊಂದು ನೆನಪಿರಲಿ.

ಟ್ರ್ಯಾಕ್‌ಹುಚ್ಚ:
ಮೇಡಂ, ಈಗಿನ ಗಾಡಿಲಿ ಟರ್ಬೊಗೆ ನೀರಿನ ಕೂಲಿಂಗ್ ಇದೆ, ಆಫ್ ಮಾಡಿದ್ಮೇಲೂ ಎಲೆಕ್ಟ್ರಿಕ್ ಪಂಪ್ ಓಡತ್ತೆ. ಕೀ ತೆಗೆದ್ಮೇಲೂ ಎಂಜಿನ್ ಸ್ವಲ್ಪ ಹೊತ್ತು ಓಡಿಸೋ ಟರ್ಬೊ ಟೈಮರ್ ಕಾಲ ಮುಗೀತು.

ಮಂಗ್ಳೂರುಮೇಡಂ:
ಉಂಟು, ಇಲ್ಲ ಅಂತ ಹೇಳಿಲ್ಲ. ಮಾಮೂಲಿ ರಸ್ತೆಯಲ್ಲಿ ಓಡಿಸಿ ಮನೆ ಮುಂದೆ ನಿಲ್ಲಿಸುವವರಿಗೆ ಎಂಥ ಟೈಮರೂ ಬೇಡ, ಕೊನೆಯ ಎರಡು ನಿಮಿಷ ಮೆಲ್ಲಗೆ ಬಂದ್ರೆ ಆಯ್ತು. ಆದ್ರೆ ನೀರಿನ ಪಂಪ್ ತಿರುಗಿದ್ರೂ ಆಯಿಲ್ ಪಂಪ್ ತಿರುಗುದಿಲ್ಲವಲ್ಲ. ಟ್ರ್ಯಾಕ್‌ನಿಂದ ಕೂಲ್ ಡೌನ್ ಲ್ಯಾಪ್ ಹೊಡೆಯದೆ ನೇರ ಪಿಟ್‌ಗೆ ಬಂದು ಆಫ್ ಮಾಡುವವರನ್ನು ನಾನು ಕಣ್ಣಾರೆ ನೋಡಿದ್ದೇನೆ, ಅವರೇ ಮತ್ತೆ ಯಾವ ಆಯಿಲ್ ಒಳ್ಳೇದು ಅಂತ ಕೇಳ್ತಾರೆ!

ಲ್ಯಾಬ್‌ಕೋಟು:
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನೋಯಾಕ್ ಅಂತ ಟೆಸ್ಟ್ ಇದೆ, 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಷ್ಟು ಪರ್ಸೆಂಟ್ ಆಯಿಲ್ ಆವಿ ಆಯ್ತು ಅಂತ ತೂಗ್ತಾರೆ. ಐಎಲ್‌ಸ್ಯಾಕ್‌ನಲ್ಲಿ 15ರ ತನಕ ಬಿಡ್ತಾರೆ, ಎಸಿಇಎ (ಯುರೋಪಿನ ಗಾಡಿ ಕಂಪನಿಗಳ ಸಂಘ) ಸಿ3 ಸ್ಪೆಕ್‌ನಲ್ಲಿ 13. ಒಳ್ಳೇ ಆಯಿಲ್‌ಗಳು 10ರ ಒಳಗೇ ಇರ್ತವೆ. ಈ ಆವಿ ಎಲ್ಲ ಪಿಸಿವಿ (ಎಂಜಿನ್ ಒಳಗಿನ ಆವಿ ಹೊರಗೆ ಹೋಗೋ ವಾಲ್ವ್) ಮೂಲಕ ಇನ್‌ಟೇಕ್‌ಗೆ ವಾಪಸ್ ಹೋಗಿ ಡೈರೆಕ್ಟ್ ಇಂಜೆಕ್ಷನ್ ಗಾಡಿಗಳ ಇನ್‌ಟೇಕ್ ವಾಲ್ವ್ ಬೆನ್ನಿಗೆ ಕರಿಯಾಗಿ ಅಂಟ್ಕೊಳತ್ತೆ, ತೊಳೆಯೋಕೆ ಅಲ್ಲಿ ಪೆಟ್ರೋಲ್ ಸಿಂಪಡಿಕೆನೂ ಇರಲ್ಲ. ಎರಡು ಆಯಿಲ್ ನಡುವೆ ಯಾವ್ದು ಅಂತ ಗೊಂದಲ ಆದ್ರೆ ಡೇಟಾ ಶೀಟ್‌ನಲ್ಲಿ ನೋಯಾಕ್ ಕಮ್ಮಿ ಇರೋದನ್ನ ತಗೊಳ್ಳಿ.

ಗ್ರೀಸ್‌ಕೈ:
ಇನ್ನೂ ದೊಡ್ಡ ವಿಷ್ಯ ಒಂದು ಬಾಕಿ ಇದೆ, ಎಲ್‌ಎಸ್‌ಪಿಐ. ಕಮ್ಮಿ ಆರ್‌ಪಿಎಂನಲ್ಲಿ ಜಾಸ್ತಿ ಬೂಸ್ಟ್ ಇದ್ದಾಗ ಸ್ಪಾರ್ಕ್ ಬರೋ ಮೊದಲೇ ಸಿಲಿಂಡರ್‌ನಲ್ಲಿ ಬೆಂಕಿ ಹತ್ಕೊಳ್ಳೋದು. ಮಾಮೂಲಿ ನಾಕ್ (ಸ್ಪಾರ್ಕ್ ಆದ್ಮೇಲೆ ಆಗೋ ಕುಟ್ಟಾಟ) ತರ ಅಲ್ಲ ಇದು, ಬಂತು ಅಂದ್ರೆ ಪಿಸ್ಟನ್‌ನ ರಿಂಗ್ ಲ್ಯಾಂಡ್ (ರಿಂಗ್‌ಗಳ ನಡುವಿನ ಅಂಚು) ಮುರಿದು ಹಾಕತ್ತೆ, ಇಸಿಯು ಟೈಮಿಂಗ್ ಹಿಂದಕ್ಕೆ ತಗೊಂಡು ಸರಿ ಮಾಡೋಷ್ಟು ಪುರುಸೊತ್ತೇ ಕೊಡಲ್ಲ. ಪೆಟ್ರೋಲ್ ಬೆರೆತ ಆಯಿಲ್ ಹನಿ ಪಿಸ್ಟನ್ ಸಂದಿಯಿಂದ ಮೇಲೆ ಹಾರಿ ಹತ್ಕೊಳ್ಳೋದು ಇದಕ್ಕೆ ಒಂದು ಮುಖ್ಯ ಕಾರಣ, ಹಾಗಾಗಿ ಆಯಿಲ್‌ನಲ್ಲಿ ಏನಿದೆ ಅನ್ನೋದು ನೇರ ಲೆಕ್ಕಕ್ಕೆ ಬರತ್ತೆ. ಆಯಿಲ್ ಸ್ವಚ್ಛವಾಗಿರ್ಲಿ ಅಂತ ಹಾಕೋ ಕ್ಯಾಲ್ಸಿಯಂ ಡಿಟರ್ಜೆಂಟ್ ಜಾಸ್ತಿ ಇದ್ರೆ ಎಲ್‌ಎಸ್‌ಪಿಐ ಜಾಸ್ತಿ, ಅದ್ರಲ್ಲಿ ಒಂದು ಪಾಲು ಮೆಗ್ನೀಸಿಯಂಗೆ ಬದಲಾಯಿಸಿದ್ರೆ ಕಮ್ಮಿ ಆಗತ್ತೆ ಅಂತ ಕಂಡ್ಕೊಂಡ್ರು. 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್ ಬಂದಿದ್ದೇ ಇದಕ್ಕೋಸ್ಕರ, 2020ರಲ್ಲಿ ಬಂದ ಎಸ್‌ಪಿಯಲ್ಲಿ ಅದ್ರ ಜೊತೆ ಟೈಮಿಂಗ್ ಚೈನ್ ಸವೆತದ ಟೆಸ್ಟೂ ಸೇರ್ತು. ಆ ಎಲ್‌ಎಸ್‌ಪಿಐ ಟೆಸ್ಟ್ ಮಾಡೋದು ಫೋರ್ಡ್ 2.0 ಇಕೋಬೂಸ್ಟ್ ಎಂಜಿನ್ ಮೇಲೆ.

ಬೂಸ್ಟ್‌ಪ್ರೇಮಿ, ನಿಮ್ಗೆ ಇದು ಯಾಕೆ ಮುಖ್ಯ ಅಂದ್ರೆ 502 00 ಹಳೇ ಸ್ಪೆಕ್ಕು. ಅದ್ರ ಅಪ್ರೂವಲ್ ಇರೋ ಎಷ್ಟೋ 5ಡಬ್ಲ್ಯು-40 ಆಯಿಲ್‌ಗಳು ಕ್ಯಾಲ್ಸಿಯಂ ತುಂಬಿರೋ ಹಳೇ ಪಾಕದವು. 40ಕ್ಕೆ ಹೋಗೋದಾದ್ರೆ 502 ಜೊತೆ ಎಪಿಐ ಎಸ್‌ಪಿ ಕೂಡ ಇದ್ಯಾ ಅಂತ ನೋಡಿ ತಗೊಳ್ಳಿ. ಸ್ಟೇಜ್ 1ರಲ್ಲಿ ಟಾರ್ಕ್ ಎಲ್ಲ ಕೆಳಗೇ ಬಂದು ಕೂತಿರತ್ತೆ, ಆರನೇ ಗೇರಲ್ಲಿ 1500ರಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತೋ ಅಭ್ಯಾಸ ಇದ್ರೆ ಯಾವ ಆಯಿಲೂ ಕಾಪಾಡಲ್ಲ. ಒಂದು ಗೇರ್ ಇಳಿಸಿ ಆಮೇಲೆ ಒತ್ತಿ.

ಬೂಸ್ಟ್‌ಪ್ರೇಮಿ:
ಇದು ನಿಜವಾಗ್ಲೂ ಗೊತ್ತಿರ್ಲಿಲ್ಲ. ಟ್ಯೂನ್ ಮಾಡಿದೋರು ಒಂದು ಮಾತೂ ಹೇಳಿರ್ಲಿಲ್ಲ. ಥ್ಯಾಂಕ್ಸ್ ಸರ್.

ಸುಮ್ನೆಓದೋನು:
ನಡುವೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನನ್ ಗಾಡಿನೂ ಅದೇ ಕಂಪನಿದು, ಆದ್ರೆ ಪಾರ್ಟಿಕ್ಯುಲೇಟ್ ಫಿಲ್ಟರ್ ಇರೋ ಮಾಡೆಲ್. ನಾನೂ 502ರ 5ಡಬ್ಲ್ಯು-40 ಹಾಕ್ಬಹುದಾ?

ಲ್ಯಾಬ್‌ಕೋಟು:
ಬೇಡ. ಆಯಿಲ್ ಸುಟ್ಟಾಗ ಅದ್ರಲ್ಲಿರೋ ಲೋಹದ ಆಡಿಟಿವ್‌ಗಳು ಬೂದಿ ಆಗ್ತವೆ, ಆ ಬೂದಿ ಫಿಲ್ಟರ್‌ನಲ್ಲಿ ಕೂತ್ರೆ ಮಸಿ ತರ ಸುಟ್ಟು ಹೋಗಲ್ಲ, ಅಲ್ಲೇ ಇರತ್ತೆ. 502 ಆಯಿಲ್‌ಗಳು ಸಾಮಾನ್ಯವಾಗಿ ಎಸಿಇಎ ಎ3/ಬಿ4 ಜಾತಿ, ಬೂದಿ 1ರಿಂದ 1.6 ಪರ್ಸೆಂಟ್. ಸಿ3 ಅಂದ್ರೆ 0.8ರ ಒಳಗೆ. ನಿಮ್ಗೆ 504ರ 5ಡಬ್ಲ್ಯು-30 ಅಥವಾ 0ಡಬ್ಲ್ಯು-30 ಆರಾಮಾಗಿ ಸಾಕು. 40 ಬೇಕೇ ಬೇಕು ಅಂದ್ರೆ ವಿಡಬ್ಲ್ಯು 511 00 ಅಂತ ಹೊಸ ಸ್ಪೆಕ್ ಇದೆ, ಪೋರ್ಷೆಯಲ್ಲಿ ಅದನ್ನೇ ಸಿ40 ಅಂತಾರೆ, ಫಿಲ್ಟರ್ ಇರೋ ಪವರ್‌ಫುಲ್ ಗಾಡಿಗಳಿಗೆ ಅಂತಲೇ ಮಾಡಿದ ಕಮ್ಮಿ ಬೂದಿಯ 40. ಮೊಬಿಲ್ 1 ಇಎಸ್‌ಪಿ ಎಕ್ಸ್3 0ಡಬ್ಲ್ಯು-40 ಆ ತರದ್ದು. ನಿಮ್ ಎಂಜಿನ್‌ಗೆ ಮ್ಯಾನ್ಯುಯಲ್‌ನಲ್ಲಿ 508 00 ಮಾತ್ರ ಬರೆದಿದ್ರೆ ಅದು 0ಡಬ್ಲ್ಯು-20, ಎಚ್‌ಟಿಎಚ್‌ಎಸ್ 2.6ರಿಂದ ಶುರು, ಬಣ್ಣನೇ ಹಸಿರು ಇರತ್ತೆ. ಅದನ್ನ ಬಿಟ್ಟು ಬೇರೆ ಹಾಕೋ ಮೊದ್ಲು ವಾರಂಟಿ ಇದ್ಯಾ ನೋಡ್ಕೊಳ್ಳಿ.

ಹುಬ್ಬಳ್ಳಿಹೈದ:
ಆಯಿಲ್ ಜೋಡಿ ಹಾಕೂ ಆಡಿಟಿವ್ ಡಬ್ಬಿ ಬರ್ತಾವಲ್ರಿ, ಮಾಲಿಬ್ಡಿನಂ ಅಂತ, ಸೆರಾಮಿಕ್ ಅಂತ, ಅವು ಕೆಲಸಾ ಮಾಡ್ತಾವೇನ್ರಿ? ಮತ್ತ ರೇಸ್ ಆಯಿಲ್ ಹಾಕಿದ್ರ ಹ್ಯಾಂಗ?

ಗ್ರೀಸ್‌ಕೈ:
ಆಡಿಟಿವ್ ಡಬ್ಬಿ ಬೇಡ ಸರ್. ಕಂಪನಿಯವರು ಅಳೆದು ತೂಗಿ ಬೆರೆಸಿದ ಪಾಕಕ್ಕೆ ನಾವು ಇನ್ನೊಂದು ಸೌಟು ಸುರಿದ್ರೆ ಏನಾಗತ್ತೆ ಅಂತ ಯಾರೂ ಟೆಸ್ಟ್ ಮಾಡಿರಲ್ಲ. ರೇಸ್ ಆಯಿಲ್, ಮೊಟುಲ್ 300ವಿ ತರದ್ದು, ಎಸ್ಟರ್ ಇರೋ ಒಳ್ಳೇ ಆಯಿಲೇ. ಆದ್ರೆ ಅದಕ್ಕೆ ಗಾಡಿ ಕಂಪನಿಗಳ ಅಪ್ರೂವಲ್ ಇರಲ್ಲ, ಬೇಗ ಬೇಗ ಬದಲಾಯಿಸೋರಿಗೆ ಅಂತ ಇರೋದು. ಪೂರ್ತಿ ಟ್ರ್ಯಾಕಿಗೇ ಮೀಸಲಾದ ಗಾಡಿ ಆದ್ರೆ ಹಾಕಿ. ದಿನಾ ಟ್ರಾಫಿಕ್‌ನಲ್ಲಿ ನಿಂತು ಓಡೋ ಗಾಡಿಗೆ ಹಾಕಿ ವರ್ಷ ಎಳೆಯೋದಾದ್ರೆ ಮಾಮೂಲಿ ಅಪ್ರೂವ್ಡ್ ಆಯಿಲೇ ವಾಸಿ.

ಟ್ರ್ಯಾಕ್‌ಹುಚ್ಚ:
ಹಾಗಾದ್ರೆ ಬ್ರ್ಯಾಂಡ್ ಲೆಕ್ಕಕ್ಕೇ ಇಲ್ಲ ಅಂತೀರಾ? ನಿಸ್ಸಾನ್ ಜಿಟಿ-ಆರ್ ಆರ್35ಗೆ ಕಂಪನಿಯವರೇ ಮೊಬಿಲ್ 1 0ಡಬ್ಲ್ಯು-40 ಅಂತ ಹೆಸರು ಹಿಡಿದು ಹೇಳಿದಾರಲ್ಲ.

ಗ್ರೀಸ್‌ಕೈ:
ಹೌದು, ಹೇಳಿದಾರೆ. ಅವರು ಆ ಆಯಿಲ್ ಹಾಕೇ ಎಂಜಿನ್ ಡೆವಲಪ್ ಮಾಡಿದ್ರು, ಹಾಗಾಗಿ ಜಿಟಿ-ಆರ್ ಓನರ್‌ಗಳು ಅದನ್ನೇ ಹಾಕ್ಲಿ, ನನ್ ತಕರಾರಿಲ್ಲ. ಗಮನಿಸಿ, 600 ಕುದುರೆ ಆಸುಪಾಸಿನ ಆ ಟ್ವಿನ್ ಟರ್ಬೊಗೂ ಅವರು ಹೇಳಿದ್ದು 40ನೇ, 60 ಅಲ್ಲ. ಒಂದೇ ಅಪ್ರೂವಲ್ ಇರೋ ಎರಡು ದೊಡ್ಡ ಬ್ರ್ಯಾಂಡ್‌ಗಳ ನಡುವೆ ನಿಮ್ ಎಂಜಿನ್‌ಗೆ ವ್ಯತ್ಯಾಸ ಗೊತ್ತಾಗೋದು ಕಷ್ಟ. ನಕಲಿ ಡಬ್ಬಿ ಮಾತ್ರ ಎಲ್ಲ ಬ್ರ್ಯಾಂಡಿನದ್ದೂ ಬರ್ತಿದೆ, ಅದಕ್ಕೆ ಎಲ್ಲಿ ತಗೋತೀರಿ ಅನ್ನೋದು ಯಾವ ಬ್ರ್ಯಾಂಡ್ ಅನ್ನೋದಕ್ಕಿಂತ ಮುಖ್ಯ.

ಮಂಗ್ಳೂರುಮೇಡಂ:
ಇಂಟರ್‌ವಲ್ ಬಗ್ಗೆಯೂ ಹೇಳಿ ಮಾರಾಯ್ರೆ. 504 ಹಾಕಿದವರು ಲಾಂಗ್‌ಲೈಫ್ ಅಂತ 30,000 ಕಿಲೋಮೀಟರ್, ಎರಡು ವರ್ಷ ಎಳಿತಾರೆ. ಯುರೋಪಿನ ಹೈವೇಯಲ್ಲಿ ಒಂದೇ ಸಮ ಓಡುವ ಸ್ಟಾಕ್ ಗಾಡಿಗೆ ಮಾಡಿದ ಲೆಕ್ಕ ಅದು. ಟ್ಯೂನ್ ಮಾಡಿ, ಹತ್ತಿರ ಹತ್ತಿರ ಓಡಿಸಿ, ನಡುವೆ ಟ್ರ್ಯಾಕಿಗೂ ಹೋಗುವವರಿಗೆ ಅಲ್ಲ. ನಾನಾದ್ರೆ ಗ್ರೇಡ್ ಯಾವುದೇ ಇರ್ಲಿ, 7,000ದಿಂದ 8,000ಕ್ಕೆ ಇಳಿಸ್ತೇನೆ, ಟ್ರ್ಯಾಕ್ ಸೀಸನ್ ಮುಗಿದ ಕೂಡ್ಲೆ ಒಮ್ಮೆ. ಉತ್ತಮ ಆಯಿಲ್ ಹಾಕಿ ಎರಡು ವರ್ಷ ಬಿಡುದಕ್ಕಿಂತ ಸಾಧಾರಣ ಅಪ್ರೂವ್ಡ್ ಆಯಿಲ್ ಹಾಕಿ ಬೇಗ ಇಳಿಸುದು ಟರ್ಬೊಗೆ ಒಳ್ಳೇದು.

ಲ್ಯಾಬ್‌ಕೋಟು:
ಇದಕ್ಕೆ ನನ್ದೂ ಓಟು. ಅನುಮಾನ ಇದ್ದೋರು ಒಂದ್ಸಲ ಬಳಸಿದ ಆಯಿಲ್ ಟೆಸ್ಟ್ ಮಾಡಿಸಿ. ರಿಪೋರ್ಟ್‌ನಲ್ಲಿ ಮೊದ್ಲು 100 ಡಿಗ್ರಿ ವಿಸ್ಕಾಸಿಟಿ (ದಪ್ಪ), ಆಮೇಲೆ ಪೆಟ್ರೋಲ್ ಎಷ್ಟು ಪರ್ಸೆಂಟ್ ಸೇರಿದೆ ನೋಡಿ. ಈ ಪರ್ಸೆಂಟನ್ನ ಗ್ಯಾಸ್ ಕ್ರೊಮಟೊಗ್ರಫಿಲಿ ಅಳೆದಿದ್ರೆ ನಂಬಿ, ಫ್ಲಾಷ್ ಪಾಯಿಂಟ್ (ಆಯಿಲ್ ಆವಿಗೆ ಬೆಂಕಿ ಹತ್ತೋ ಶಾಖ) ನೋಡಿ ಅಂದಾಜು ಹಾಕಿದ್ರೆ ಎಷ್ಟೋ ಸಲ ಕಮ್ಮಿ ತೋರಿಸತ್ತೆ. ಸಿಲಿಕಾನ್ ಜಾಸ್ತಿ ಬಂದ್ರೆ ಏರ್ ಫಿಲ್ಟರ್ ಕಡೆಯಿಂದ ಧೂಳು ಹೋಗ್ತಿದೆ ಅಂತ ಅನುಮಾನ ಪಡಿ, ಆಫ್ಟರ್‌ಮಾರ್ಕೆಟ್ ಇನ್‌ಟೇಕ್ ಹಾಕ್ಸಿದೋರು ಇದನ್ನ ವಿಶೇಷವಾಗಿ ನೋಡ್ಬೇಕು. ಕಬ್ಬಿಣ, ತಾಮ್ರ ಒಂದೇ ರಿಪೋರ್ಟ್‌ನಲ್ಲಿ ಜಾಸ್ತಿ ಕಂಡ್ರೆ ಗಾಬರಿ ಬೇಡ, ಮುಂದಿನ ರಿಪೋರ್ಟ್ ಜೊತೆ ಹೋಲಿಸಿ, ಏರ್ತಾ ಹೋದ್ರೆ ಮಾತ್ರ ಎಂಜಿನ್ ಬಿಚ್ಚೋ ಮಾತು.

ಬೂಸ್ಟ್‌ಪ್ರೇಮಿ:
ಎಲ್ಲ ಓದಿ ಒಂದು ತೀರ್ಮಾನಕ್ಕೆ ಬಂದೆ. 502 ಅಪ್ರೂವಲ್ ಜೊತೆ ಎಪಿಐ ಎಸ್‌ಪಿ ಇರೋ 5ಡಬ್ಲ್ಯು-40, 7,000ಕ್ಕೆ ಬದಲಾವಣೆ, ಟ್ರ್ಯಾಕ್‌ನಲ್ಲಿ ಡಿಸ್‌ಪ್ಲೇ 125 ತೋರಿಸಿದ ತಕ್ಷಣ ಒಂದು ಲ್ಯಾಪ್ ನಿಧಾನ. ಆಯಿಲ್ ನಾನೇ ಬದಲಾಯಿಸೋಣ ಅಂತಿದೀನಿ, ಏನಾದ್ರೂ ಗಮನ ಇಡ್ಬೇಕಾ?

ಟ್ರ್ಯಾಕ್‌ಹುಚ್ಚ:
ಕೊನೆಗೂ 40ಕ್ಕೇ ಬಂದ್ರಲ್ಲ, ನಾನ್ ಹೇಳಿದ್ದು ಇಪ್ಪತ್ತು ಜಾಸ್ತಿ ಆಯ್ತು ಅಷ್ಟೇ 😄

ಗ್ರೀಸ್‌ಕೈ:
😄 ಬೂಸ್ಟ್‌ಪ್ರೇಮಿ, ನಿಮ್ ಗಾಡಿಲಿ ಫಿಲ್ಟರ್ ಎಂಜಿನ್ ಮೇಲ್ಗಡೆನೇ ಇದೆ. ಮೊದ್ಲು ಅದ್ರ ಕ್ಯಾಪ್ ಸ್ವಲ್ಪ ಸಡಿಲ ಮಾಡಿ ಹತ್ತು ನಿಮಿಷ ಬಿಡಿ, ಒಳಗಿರೋ ಆಯಿಲ್ ಸಂಪ್‌ಗೆ ಇಳಿಯತ್ತೆ, ಇಲ್ಲಾಂದ್ರೆ ತೆಗೆಯುವಾಗ ಬೆಲ್ಟ್ ಮೇಲೆಲ್ಲಾ ಚೆಲ್ಲತ್ತೆ. ಸಂಪ್ ಪ್ಲಾಸ್ಟಿಕ್ಕಿಂದು ಆದ್ರೆ ಡ್ರೈನ್ ಪ್ಲಗ್ಗೂ ಪ್ಲಾಸ್ಟಿಕ್ಕೇ, ಸ್ವಲ್ಪ ತಿರುಗಿಸಿದ್ರೆ ಬಂದ್ಬಿಡತ್ತೆ, ಅದನ್ನ ವಾಪಸ್ ಹಾಕ್ಬೇಡಿ, ಪ್ರತಿ ಸಲ ಹೊಸದು. ಕ್ಯಾಪಿನ ಓ-ರಿಂಗ್ ಬದಲಾಯಿಸಿ, ಹೊಸದಕ್ಕೆ ಬೆರಳಲ್ಲಿ ಆಯಿಲ್ ಸವರಿ ಕೂರಿಸಿ.

5.7 ಲೀಟರ್ ಹಿಡಿಯತ್ತೆ ಅಂತ ಅಷ್ಟನ್ನೂ ಒಟ್ಟಿಗೆ ಸುರೀಬೇಡಿ. ಹಳೇದು ಪೂರ್ತಿ ಇಳಿದಿರಲ್ಲ. ಐದು ಹಾಕಿ, ಸ್ಟಾರ್ಟ್ ಮಾಡಿ, ಒಂದು ಸುತ್ತು ಹೋಗಿ ಬನ್ನಿ. ಡಿಸ್‌ಪ್ಲೇಲಿ ಆಯಿಲ್ ಟೆಂಪರೇಚರ್ 50 ದಾಟೋ ತನಕ ಬರೀ ಗೆರೆ ತೋರಿಸತ್ತಲ್ಲ, ಅದು ನಂಬರ್ ಆಗಿ ಬದಲಾದ್ರೂ ಅವಸರ ಮಾಡ್ದೆ 80ಕ್ಕೆ ಬರ್ಲಿ, ನೀರಿನ ಸೂಜಿ 90 ತೋರಿಸಿದ್ರೂ ಆಯಿಲ್ ಹಿಂದೇನೇ ಇರತ್ತೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಆಮೇಲೆ ಕಾಲು ಕಾಲು ಲೀಟರ್ ಸೇರಿಸ್ತಾ ಬನ್ನಿ. ಮ್ಯಾಕ್ಸ್ ದಾಟಿದ್ರೆ ಕ್ರ್ಯಾಂಕ್ ಹೊಡೆತಕ್ಕೆ ನೊರೆ ಬಂದು ಪಿಸಿವಿ ಮೂಲಕ ಇನ್‌ಟೇಕ್ ಸೇರತ್ತೆ.

ಬೂಸ್ಟ್‌ಪ್ರೇಮಿ:
ಟ್ರ್ಯಾಕಿಗೆ ಹೋಗೋ ಮೊದ್ಲು ಲೆವೆಲ್ ಎಲ್ಲಿರ್ಬೇಕು? ಮ್ಯಾಕ್ಸ್‌ಗಿಂತ ಸ್ವಲ್ಪ ಕೆಳಗೆ ಇಡು ಅಂತ ಒಬ್ರು, ಮ್ಯಾಕ್ಸ್‌ಗೇ ಇಡು ಅಂತ ಇನ್ನೊಬ್ರು.

ಗ್ರೀಸ್‌ಕೈ:
ಮ್ಯಾಕ್ಸ್‌ಗೇ ಇಡಿ, ದಾಟ್ಬಾರ್ದು. ಉದ್ದದ ತಿರುವಲ್ಲಿ ಆಯಿಲ್ ಎಲ್ಲ ಸಂಪ್‌ನ ಒಂದು ಬದಿಗೆ ಸರಿಯತ್ತೆ, ಲೆವೆಲ್ ಕಮ್ಮಿ ಇದ್ರೆ ಆಯಿಲ್ ಹೀರೋ ಪಿಕಪ್ ಪೈಪ್ ಗಾಳಿ ಎಳೆಯತ್ತೆ. ಜೋರಾಗಿ ಓಡಿಸಿದ್ರೆ ಟರ್ಬೊ ಗಾಡಿ ಆಯಿಲ್ ಕುಡಿಯೋದೂ ಜಾಸ್ತಿ, ಅದಕ್ಕೆ ಅದೇ ಆಯಿಲ್‌ನ ಒಂದು ಲೀಟರ್ ಡಿಕ್ಕಿಲಿ ಇಟ್ಕೊಂಡು ಹೋಗಿ, ಪ್ರತಿ ಸೆಷನ್ ಆದ್ಮೇಲೆ ಬಾನೆಟ್ ತೆಗೆದು ನೋಡಿ.